ನೆರಿಯ ಹೊಳೆಯಲ್ಲಿ ಮೀನಿಲ್ಲ

ನಮ್ಮ ಕಡೆ ಗಾಳ ಹಾಕುವವರು ಮೀನಿನ ವಿಷಯದಲ್ಲಿ ನಿಜ ಹೇಳುವುದಿಲ್ಲ. ಚೀಲ ತುಂಬಿದ್ದರೂ "ಏನೂ ಇಲ್ಲ ಮಾರಾಯ್ರೆ" ಅಂತಲೇ ಹೇಳುವುದು. ಉಂಟು ಅಂದರೆ ಮರುದಿನ ಊರಿಡೀ ಅಲ್ಲಿ ಬಂದು ಕೂರುತ್ತದೆ.

ಮಳೆ ಬಿಟ್ಟು ಹೊಳೆ ತಿಳಿಯಾಗುವ ಸಮಯ. ಮನೆಗೆ ಬಂದ ಭಾವನಿಗೆ ಹೊಳೆಮೀನು ತಿನ್ನಿಸುತ್ತೇನೆಂದು ಬಡಾಯಿ ಕೊಚ್ಚಿ, ಮೂಡುಬಿದಿರೆಯಿಂದ ನೆರಿಯಕ್ಕೆ ಬೈಕಲ್ಲಿ ಹೋಗಿದ್ದೆ. ಸೇತುವೆಯ ಮೇಲೆ ಗಾಳದ ದಾರ ಸುತ್ತುತ್ತಿದ್ದ ಒಬ್ಬರನ್ನು ಕೇಳಿದೆ: "ಕೆಳಗಿನ ಗುಂಡಿಯಲ್ಲಿ ಮೀನುಂಟಾ?"

"ಇಲ್ಲ. ನೀರು ಇನ್ನೂ ಕೆಂಪು ಉಂಟು, ಎರೆಹುಳ ಮೀನಿಗೆ ಕಾಣುವುದಿಲ್ಲ. ಸುಮ್ಮನೆ ಹೋಗ್ಬೇಡಿ."

ಇಷ್ಟು ಕಾರಣ ಕೊಡಬೇಕಾದರೆ ಅಲ್ಲಿ ಮೀನು ಕುಣಿಯುತ್ತಿರಬೇಕು ಅಂತ ಓಡಿದೆ. ಸಂಜೆವರೆಗೆ ಕೂತರೂ ಗಾಳ ಅಲುಗಲಿಲ್ಲ.

ವಾಪಸ್ ಬಂದಾಗ ಅವರು ಸೇತುವೆಯ ಮೇಲೆಯೇ ಇದ್ದರು. "ಹೇಳಿದ್ದೆನಲ್ಲ" ಅಂದರು. ಗಾಳ ಹಿಡಿದು ನಿಜ ಹೇಳುವವರೂ ಇರುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದವನೊಬ್ಬ, "ಕೆಳಗೆ ಹೇಗುಂಟು?" ಅಂತ ನನ್ನನ್ನು ಕೇಳಿದ.

"ಏನೂ ಇಲ್ಲ ಮಾರಾಯ್ರೆ."

ಅವನ ಮುಖ ಅರಳಿತು. ಸ್ಕೂಟರ್ ಅಲ್ಲೇ ಬಿಟ್ಟು, ಗಾಳ ಹಿಡಿದುಕೊಂಡು ಗುಂಡಿಯ ಕಡೆ ಓಡಿದ. ಸೇತುವೆಯ ಮೇಲಿದ್ದವರು ನನ್ನನ್ನೇ ನೋಡಿದರು. ಯಾಕೆ, ನಾನೇನು ಸುಳ್ಳು ಹೇಳಿದೆನಾ?