ಚಿಲಕದಕ್ಕ ಮಾಡಿದ ನಕಲು

ಅವಳನ್ನು ಹೆಸರು ಹಿಡಿದು ಗುರುತಿಸುತ್ತಿದ್ದದ್ದು ಹಾಜರಿ ಪುಸ್ತಕ ಒಂದೇ. ಚಿಕಿತ್ಸಾಲಯದ ಉಳಿದವರಿಗೆಲ್ಲ ಅವಳು ಚಿಲಕದಕ್ಕ. ದಾಖಲೆ ಕೋಣೆಗೆ ಬೀಗ ಹಾಕಿ, ಚಿಲಕ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋದವಳು ವಾಪಸು ಬಂದು ಮತ್ತೊಮ್ಮೆ ಎಳೆದು ನೋಡುತ್ತಿದ್ದಳು. "ಒಂದಿನ ಆ ಚಿಲಕಕ್ಕೇ ಬೇಜಾರಾಗಿ ಕಿತ್ಕೊಂಡು ಕೈಗೆ ಬರುತ್ತೆ ನೋಡು" ಎಂದು ಗಂಡ ರೇಗಿಸುತ್ತಿದ್ದ. ಹಾಗೆ ನೋಡಿದರೆ ಗಂಡನ ಮೇಲೂ ಅವಳಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಅವನನ್ನು ಕಾವಲಿಗೆ ಬಿಟ್ಟವಳಲ್ಲ.

ಇದು ಹುಟ್ಟುಗುಣವೇನಲ್ಲ. ಸಂಸಾರ ಸರಿಯಿಲ್ಲ, ಮನಸ್ಸು ಸರಿಯಿಲ್ಲ ಎಂದು ಬಂದವರು ಕೂತು ಮಾತಾಡಿ ಹೋಗುವ ಚಿಕಿತ್ಸಾಲಯ ಅದು. ಬಾಗಿಲು ಹಾಕಿಕೊಂಡು ಡಾಕ್ಟರ ಮುಂದೆ ಅತ್ತದ್ದು, ಬೈದದ್ದು ಎಲ್ಲ ಕೊನೆಗೆ ಅವಳ ಕೋಣೆಗೆ ಬಂದು ಸೇರುತ್ತಿತ್ತು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಸ್ತ್ರಿ ಮಾಡಿದ ಅಂಗಿಯ ಗಂಡಸೊಬ್ಬ ಬಂದು, ಚಿಕಿತ್ಸೆಗೆ ಬರುತ್ತಿದ್ದ ಹೆಂಗಸೊಬ್ಬಳ ಹೆಸರು ಹೇಳಿ, ನಾನು ಅವಳ ಅಣ್ಣ, ಔಷಧಿ ಚೀಟಿ ಬೇಕಿತ್ತು ಎಂದು ನಯವಾಗಿ ಕೇಳಿದ. ಇವಳು ಫೈಲನ್ನೇ ಕೈಗಿತ್ತಳು. ಅವನು ಅಣ್ಣನಲ್ಲ, ಆ ಹೆಂಗಸು ಯಾರ ಕಣ್ಣಿಗೆ ಬೀಳಬಾರದೆಂದು ಮನೆ ಬಿಟ್ಟಿದ್ದಳೋ ಆ ಗಂಡ. ಫೈಲಿನಲ್ಲಿ ಹೊಸ ವಿಳಾಸವೂ ಇತ್ತು. ಆ ಹೆಂಗಸು ಮತ್ತೆಂದೂ ಚಿಕಿತ್ಸಾಲಯಕ್ಕೆ ಬರಲಿಲ್ಲ. ಏನಾದಳೆಂದು ಚಿಲಕದಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ನಯವಾಗಿ ಮಾತಾಡುವವರನ್ನು ಕಂಡರೆ ಅವಳ ಹುಬ್ಬು ತಾನಾಗಿ ಗಂಟಿಕ್ಕುತ್ತಿತ್ತು.

ಕಂಪ್ಯೂಟರ್ ರಿಪೇರಿಯವನು ತೀರಾ ನಯವಾಗಿ ಮಾತಾಡುತ್ತಿದ್ದ.

ಹಳೆಯ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಕಾಗದದ ಕಪಾಟು ಹೋಗಿ ಕಂಪ್ಯೂಟರ್ ಬಂದಮೇಲೆ ಒಂದೊಂದು ಫೈಲಿಗೂ ಒಬ್ಬ ಒಡೆಯ, ಯಾರು ಓದಬಹುದು, ಯಾರು ಓದಬಾರದು ಎಂಬ ಅನುಮತಿ. ಮೂವರು ಡಾಕ್ಟರೂ ತಂತಮ್ಮ ಫೈಲು ಮಾತ್ರ ನೋಡಬಹುದು. ಬಂದವರ ಹೆಸರು ಬರೆದುಕೊಳ್ಳುವ ಮುಂದಿನ ಮೇಜಿನವಳಿಗೆ ಭೇಟಿಯ ಪಟ್ಟಿ ಬಿಟ್ಟು ಬೇರೇನೂ ತೆರೆಯದು. ಎಲ್ಲವನ್ನೂ ತೆರೆಯಬಲ್ಲವಳು ಚಿಲಕದಕ್ಕ ಒಬ್ಬಳೇ.

"ಅಕ್ಕಾ, ಮೇನ್ ಪಾಸ್‌ವರ್ಡ್ ಬೇಕಾಗುತ್ತೆ" ಎಂದ ರಿಪೇರಿಯವನು.

"ಅದ್ಯಾಕೆ? ನಕಲು ತಾನೇ ಮಾಡೋದು?"

"ಬರೀ ನಕಲಾದ್ರೆ ಬೇಡ ಅಕ್ಕಾ. ಫೈಲಿನ ಜೊತೆ ಅದರ ಅನುಮತೀನೂ ಹಾಗೇ ಹೋಗ್ಬೇಕಲ್ಲ, ಅದಕ್ಕೆ."

ಮನೆ ಸಾಗಿಸುವವನು ತಿಜೋರಿಯ ಕೀಲಿ ಕೇಳಿದ ಹಾಗಾಯಿತು ಅವಳಿಗೆ. ನಾಳೆ ಬಾ ಎಂದು ಸಾಗಹಾಕಿ, ಆ ಸಂಜೆಯೇ ಎಲ್ಲ ಫೈಲುಗಳನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಇವನ ಕೈ ಸೋಕದ ನಕಲು ಒಂದು ತನ್ನ ಹತ್ತಿರ ಇರಲಿ ಎಂದು.

ಮರುದಿನ ಅವನು ಮೂರು ತಾಸು ಕೂತ. ಇವಳು ಪಾಸ್‌ವರ್ಡ್ ಕೊಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲೇ ಕೂತಳು. ಕೆಲಸ ಮುಗಿಸಿ ಅವನು ಹೊರಟಿದ್ದೇ ತಡ, ಪಾಸ್‌ವರ್ಡ್ ಬದಲಿಸಿದಳು. ಆದರೂ ಮನಸ್ಸು ಒಪ್ಪಲಿಲ್ಲ. ಏನು ಸೇರಿಸಿದ್ದಾನೋ, ಎಲ್ಲಿ ಕಿಂಡಿ ಬಿಟ್ಟಿದ್ದಾನೋ ಯಾರಿಗೆ ಗೊತ್ತು? ಅವನು ಹಾಕಿಕೊಟ್ಟದ್ದನ್ನೆಲ್ಲ ಅಳಿಸಿ, ಪೆನ್‌ಡ್ರೈವಿನಲ್ಲಿದ್ದ ತನ್ನ ನಕಲನ್ನು ತಂದು ಸುರಿದಳು. ಎಣಿಸಿದಳು. ಹಳೆಯದರಲ್ಲಿ ಹದಿನಾಲ್ಕು ಸಾವಿರದ ಮುನ್ನೂರ ಎಂಟು ಫೈಲು, ಹೊಸದರಲ್ಲೂ ಅಷ್ಟೇ. ಅಲ್ಲೊಂದು ಇಲ್ಲೊಂದು ತೆರೆದು ನೋಡಿದಳು. ಎಲ್ಲವೂ ತೆರೆದವು. ಬೇರೆಯವರಿಗೆ ತೆರೆಯದೆ ಇರುತ್ತವೆಯೇ ಎಂದು ನೋಡಬೇಕೆಂಬುದು ಮಾತ್ರ ತಲೆಗೆ ಹೊಳೆಯಲೇ ಇಲ್ಲ. ಹೀಗೆ ಮಾಡಿದೆನೆಂದು ಯಾರಿಗೂ ಹೇಳಲೂ ಇಲ್ಲ. ಹೇಳುವಂಥದ್ದೇನಿದೆ ಅದರಲ್ಲಿ ಎಂದುಕೊಂಡಳು.

ಒಂಬತ್ತನೆಯ ದಿನ ಮುಂದಿನ ಮೇಜಿನವಳು ಹಿರಿಯ ಡಾಕ್ಟರಮ್ಮನ ಎದುರು ಬಿಳಿಚಿಕೊಂಡು ನಿಂತಳು. "ಮೇಡಂ, ಎಲ್ಲರ ಫೈಲೂ ನಂಗೆ ತೆರೀತಿದೆ. ಗೊತ್ತಿಲ್ದೆ ಒಂದು ಓದ್ಬಿಟ್ಟೆ. ನಮ್ಮ ಓರಗಿತ್ತಿದು."

ಅದನ್ನು ಕೇಳಿ ಚಿಲಕದಕ್ಕ ಗಾಬರಿಯಿಂದ ಎದ್ದು ಬಂದಳು. ಮರುಕ್ಷಣವೇ, ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಒಳಗೊಳಗೇ ಒಂದು ಸಮಾಧಾನವೂ ಆಯಿತು. ನಾನು ಅಂದುಕೊಂಡದ್ದು ಸರಿಯಾಗಿತ್ತು! "ಮೇಡಂ, ಅವನದೇ ಕೆಲಸ. ಬಂದ ದಿನಾನೇ ಪಾಸ್‌ವರ್ಡ್ ಬೇಕು ಅಂದ. ಇನ್ಮೇಲೆ ಅವನನ್ನ ಬಾಗಿಲೊಳಗೆ ಬಿಡ್ಬೇಡಿ" ಎಂದಳು.

ಡಾಕ್ಟರಮ್ಮ ಅವಳ ಮಾತು ನಂಬಿದರು. ಹೊಸತರಲ್ಲಿ ಹೋದ ಆ ಒಂದು ಫೈಲು ಬಿಟ್ಟರೆ ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಹೆಂಗಸಿನ ಕೋಣೆಯಿಂದ ಒಂದು ಚೀಟಿ ಆಚೆ ಹೋದದ್ದಿಲ್ಲ. ರಿಪೇರಿಯವನನ್ನು ಕೆಲಸದಿಂದ ತೆಗೆದಿದ್ದೇವೆ, ರೋಗಿಗಳ ಗುಟ್ಟು ಬಯಲು ಮಾಡಿದ್ದಾನೆ ಎಂದು ಪತ್ರ ಟೈಪಾಯಿತು. ಅಂಥ ಪತ್ರ ಒಂದು ಹೊರಬಿದ್ದರೆ ಊರಿನಲ್ಲಿ ಮತ್ಯಾರೂ ಅವನನ್ನು ತಮ್ಮ ಕಂಪ್ಯೂಟರಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಹಿ ಹಾಕುವ ಮುಂಚೆ ಅವನ ಮಾತನ್ನೂ ಒಮ್ಮೆ ಕೇಳಿಬಿಡೋಣ ಎಂದು ಡಾಕ್ಟರಮ್ಮ ಫೋನು ಹಚ್ಚಿ, ಚಿಲಕದಕ್ಕನ ಕೈಗೆ ಕೊಟ್ಟು, ಪತ್ರ ಹಿಡಿದು ಬಾಗಿಲಲ್ಲೇ ನಿಂತರು.

ಅವನು ಜಗಳಕ್ಕೆ ಬರಲಿಲ್ಲ. "ಅಕ್ಕಾ, ಒಂದೇ ಒಂದು ಪಟ್ಟಿ ತೆಗೀರಿ. ಫೈಲುಗಳ ಪಟ್ಟಿ, ಒಡೆಯರ ಹೆಸರು ಸಮೇತ" ಎಂದು ಏನು ಒತ್ತಬೇಕೆಂದು ಒಂದೊಂದೇ ಅಕ್ಷರ ಹೇಳಿದ. ಅವಳು ಒತ್ತಿದಳು. "ಮೂರನೇ ಕಾಲಮ್ ನೋಡಿ. ನಾನು ಬಿಟ್ಟು ಬಂದಾಗ ಅಲ್ಲಿ ಮೂರು ಡಾಕ್ಟರ ಹೆಸರಿತ್ತು. ಈಗ ಯಾರದಿದೆ?"

ಅವಳು ನೋಡಿದಳು. ಮೊದಲ ಸಾಲಿನಲ್ಲಿ ಅವಳ ಹೆಸರು. ಎರಡನೆಯದರಲ್ಲೂ ಅವಳದೇ. ಹಾಜರಿ ಪುಸ್ತಕದಲ್ಲಿರುವ ಆ ಹೆಸರು ಪರದೆಯ ಉದ್ದಕ್ಕೂ ಇಳಿಯುತ್ತ ಹೋಯಿತು, ಎಷ್ಟು ಕೆಳಗೆ ಸರಿಸಿದರೂ ಮುಗಿಯಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಎಲ್ಲರೂ ಓದಬಹುದೆಂಬ ಗುರುತು. ಡಾಕ್ಟರಮ್ಮನ ಕನ್ನಡಕ ಮೇಜಿನ ಮೇಲೆಯೇ ಇತ್ತು, ಅವರಿಗೆ ಅಲ್ಲಿಂದ ಏನೂ ಕಾಣದು. ಅವನ ಹೆಸರಿದೆ ಎಂದು ಒಂದು ಮಾತು ಅಂದುಬಿಟ್ಟರೆ ಮುಗಿಯಿತು. ಆ ಯೋಚನೆ ಬಂದದ್ದಂತೂ ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ನನ್ನ ಹೆಸರಿದೆ" ಎಂದಳು ಚಿಲಕದಕ್ಕ. "ಎಲ್ಲಾ ಕಡೆ ನಂದೇ."

ಅವನಿಗೆ ಗೊತ್ತಾಯಿತು. "ಪೆನ್‌ಡ್ರೈವಲ್ಲಿ ಹಾಕಿದ್ರಾ?"

"ಹೂಂ. ನಿಂದು ಅಳಿಸಿ ನಂದು ಹಾಕ್ದೆ."

"ಪೆನ್‌ಡ್ರೈವಿಗೆ ಅನುಮತಿ ಹೊತ್ಕೊಂಡು ಹೋಗೋಕೆ ಬರಲ್ಲ ಅಕ್ಕಾ. ಫೈಲು ಮಾತ್ರ ಹೋಗುತ್ತೆ. ಇಳಿಸಿದವರೇ ಒಡೆಯರಾಗ್ತಾರೆ, ಓದೋಕೆ ಎಲ್ಲರಿಗೂ ತೆರೆದುಬಿಡುತ್ತೆ."

ಡಾಕ್ಟರಮ್ಮ ಪತ್ರವನ್ನು ಎರಡಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಚಿಲಕದಕ್ಕನಿಗೆ. "ತಪ್ಪಾಯ್ತಪ್ಪಾ, ನಿನ್ನ ಕೆಲಸಕ್ಕೇನೂ ಆಗಲ್ಲ" ಎಂದಳು ಫೋನಿನಲ್ಲಿ.

"ಕೆಲಸ ಇರ್ಲಿ ಅಕ್ಕಾ" ಎಂದ ಅವನು. ದನಿ ತಗ್ಗಿತ್ತು. "ನಾಲ್ಕು ವರ್ಷದ ಹಿಂದೆ ನನ್ನ ಹೆಂಡ್ತಿ ನಿಮ್ಮಲ್ಲಿಗೇ ಬರ್ತಿದ್ಲು. ಅವಳ ಫೈಲೂ ಅಲ್ಲೇ ಇದೆ. ಬೆಳಿಗ್ಗೆ ನಿಮ್ಮ ಮುಂದಿನ ಮೇಜಿನವರು ಫೋನ್ ಮಾಡಿ ಎಲ್ಲರ ಫೈಲೂ ಬಯಲಾಗಿದೆ ಅಂತ ಕೂಗಾಡಿದ್ದು ಅವಳ ಕಿವಿಗೆ ಬಿತ್ತು. ನಾನು ಅವಳದ್ದು ಓದಿದೀನಿ ಅಂತ ಮನೆ ಬಿಡೋಕೆ ಬಟ್ಟೆ ಕಟ್ತಿದಾಳೆ. ನಾನು ಹೇಳಿದ್ರೆ ನಂಬ್ತಿಲ್ಲ. ನೀವೊಂದ್ಮಾತು..."

ಚಿಲಕದಕ್ಕ ಉತ್ತರ ಕೊಡುವಷ್ಟರಲ್ಲಿ ಫೋನು ಕೈ ಬದಲಾಗಿತ್ತು.

"ನೀವ್ಯಾರು? ಇವರು ಹೇಳ್ಕೊಟ್ಟಿದ್ದನ್ನ ಹೇಳೋಕೆ ಬಂದಿದೀರಾ?" ಎಂದಿತು ಹೆಣ್ಣಿನ ದನಿ.

"ಇಲ್ಲಮ್ಮ. ನಾನು ದಾಖಲೆ ಕೋಣೆಯವಳು. ನಿನ್ನ ಫೈಲು ಟೈಪ್ ಮಾಡಿದವಳು ನಾನೇ."

"ಅವರು ಓದಿಲ್ಲ ಅಂತ ನೀವು ಹೇಗೆ ಹೇಳ್ತೀರಿ? ಮೂರು ತಾಸು ಕೂತಿದ್ರಂತಲ್ಲ."

"ಮೂರು ತಾಸೂ ನಾನು ಪಕ್ಕದಲ್ಲೇ ಇದ್ದೆ. ನಂಗೆ ಅವನ ಮೇಲೆ ಅನುಮಾನ ಇತ್ತಮ್ಮ. ಅವನ ಬೆರಳಿನ ಮೇಲಿಂದ ಕಣ್ಣು ತೆಗೀಲಿಲ್ಲ. ಒಂದು ಫೈಲೂ ತೆರೀಲಿಲ್ಲ ಅವನು."

"ಮಧ್ಯೆ ಎದ್ದು ಹೋಗಿರ್ತೀರಿ."

"ನೀರು ಕುಡಿಯೋಕ್ಕೂ ಏಳಲಿಲ್ಲ."

ಆ ಕಡೆ ಒಂದು ಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು.

"ಬೇರೆ ಯಾರಾದ್ರೂ ಓದಿದಾರಾ?" ಎಂದು ಕೇಳಿದಳು ಅವಳು.

ಚಿಲಕದಕ್ಕ ಬಾಗಿಲಲ್ಲಿದ್ದ ಡಾಕ್ಟರಮ್ಮನ ಮುಖ ನೋಡಿದಳು. ಒಂಬತ್ತು ದಿನ ಎಲ್ಲ ಬಾಗಿಲೂ ತೆರೆದಿದ್ದವು.

"ಅದು ನಂಗೆ ಗೊತ್ತಿಲ್ಲಮ್ಮ" ಎಂದಳು.