ನಜರ್‌ಬಾದಿನ ಜಗಲಿಗೆ ಬಂದ ಕಂಪ್ಯೂಟರ್

ಹಳೆಯ ಕಂಪ್ಯೂಟರನ್ನು ಯಾರೂ ಪ್ರೀತಿಯಿಂದ ಇಟ್ಟುಕೊಳ್ಳುವುದಿಲ್ಲ, ವಿಧಿಯಿಲ್ಲದೆ ಇಟ್ಟುಕೊಳ್ಳುತ್ತಾರೆ. ಹೊಸದು ಕೊಳ್ಳಲು ಮನಸ್ಸಿಲ್ಲದವರು, ಇದ್ದದ್ದನ್ನು ಬಿಸಾಡಲು ಧೈರ್ಯ ಸಾಲದವರು, ಹಳೆಯದರಲ್ಲಿ ಮಾತ್ರ ಓಡುವ ಯಾವುದೋ ಪ್ರೋಗ್ರಾಮಿಗೆ ಅಂಟಿಕೊಂಡವರು, ಇವರೇ ಮಹದೇವಸ್ವಾಮಿಯ ಗಿರಾಕಿಗಳು. ಐವತ್ತು ದಾಟಿದ ಮನುಷ್ಯ. ಅಂಗಡಿಯಿಲ್ಲ, ಬೋರ್ಡಿಲ್ಲ. ಒಂದು ಸ್ಕೂಟರ್, ಅದರ ಡಿಕ್ಕಿಯಲ್ಲಿ ಎರಡು ಸ್ಕ್ರೂಡ್ರೈವರು, ಬಣ್ಣ ಹೊಡೆಯುವ ಬ್ರಷ್ಷು, ಧೂಳು ಊದುವ ಬ್ಲೋಯರ್, ಶಾಲೆ ಮಕ್ಕಳ ರಬ್ಬರು. ಅಷ್ಟೇ ಅವನ ಬಂಡವಾಳ.

ತಂದೆ ಸಣ್ಣಮಾದಯ್ಯ ಮಿಲ್ಲಿನಲ್ಲಿ ದುಡಿದವರು. ಮಗ ಪಿಯುಸಿ ಮುಗಿಸಿ ಮೈಸೂರಿನ ಸರಸ್ವತಿಪುರಂನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅಟೆಂಡರ್ ಆಗಿ ಸೇರಿದ. ಬೆಳಿಗ್ಗೆ ಕಸ ಗುಡಿಸಿ ಯಂತ್ರಗಳ ಮೇಲಿನ ಬಟ್ಟೆ ತೆಗೆಯುವುದು, ಸಂಜೆ ಮತ್ತೆ ಹೊದಿಸುವುದು. ಪಾಠ ಹೇಳುವವರು ಆರಾರು ತಿಂಗಳಿಗೆ ಬದಲಾಗುತ್ತಿದ್ದರು, ಅಟೆಂಡರ್ ಬದಲಾಗಲಿಲ್ಲ. ನೋಡಿ ನೋಡಿಯೇ ಆ ಪೆಟ್ಟಿಗೆಗಳ ಒಳಗಿನದು ಪಾಠ ಹೇಳುವವರಿಗಿಂತ ಇವನಿಗೆ ಚೆನ್ನಾಗಿ ತಿಳಿಯಿತು. ಕೇಂದ್ರ ಬಾಗಿಲು ಹಾಕಿದ ಮೇಲೆ ಅದೇ ಅವನ ಅನ್ನವಾಯಿತು.

ಹೋದ ಮನೆಯಲ್ಲೆಲ್ಲ ಕೆಲಸದ ಜೊತೆಗೆ ಬುದ್ಧಿಮಾತನ್ನೂ ಬಿಟ್ಟಿಯಾಗಿ ಹೇಳಿ ಬರುತ್ತಿದ್ದ. ಮೂರು ತಿಂಗಳಿಗೊಮ್ಮೆ ಧೂಳು ತೆಗೆಸಿ. ಓಡುತ್ತಿರುವಾಗ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ, ಬಿಸಿಗಾಳಿ ಹೊರಗೆ ಹೋಗಬೇಕು. ಪರದೆ ಕಪ್ಪಗಿದ್ದು ಒಳಗೆ ಪೀಂ ಪೀಂ ಎಂದರೆ ಗಾಬರಿ ಬೀಳಬೇಡಿ, ಮೆಮೊರಿ ಪಟ್ಟಿ ಬಿಚ್ಚಿ ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಹತ್ತರಲ್ಲಿ ಏಳು ಸಲ ಸರಿಹೋಗುತ್ತದೆ. ತಾರೀಕು ದಿನವೂ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಬಿಲ್ಲೆ ಸೆಲ್ಲು ಸತ್ತಿದೆ, ವಾಚ್ ಅಂಗಡಿಯಲ್ಲಿ ಸಿಗುತ್ತದೆ. ಬೇಕಾದದ್ದನ್ನೆಲ್ಲ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ, ಹಳೇ ಡಿಸ್ಕು ಹೇಳಿ ಕೇಳಿ ಸಾಯುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಕೆಟ್ಟಿತೆಂದರೆ ಮೊದಲು ಗೋಡೆಯ ಪ್ಲಗ್ಗು ನೋಡಿ, ಆಮೇಲೆ ವೈರು ನೋಡಿ, ಪೆಟ್ಟಿಗೆಯ ತಂಟೆಗೆ ಕಡೆಯಲ್ಲಿ ಹೋಗಿ. ಯಾವ ಮನೆಗೆ ಹೋದರೂ ಮೊದಲು ಮೇಜಿನ ಹಿಂದೆ ಮಂಡಿಯೂರಿ ಪ್ಲಗ್ಗಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು ಅವನ ಪದ್ಧತಿ. ಅರ್ಧದಷ್ಟು ರಿಪೇರಿ ಅಲ್ಲೇ ಮುಗಿಯುತ್ತಿತ್ತು.

ಆ ಪದ್ಧತಿ ನಡೆಯದ ಮನೆ ಒಂದೇ ಒಂದು. ನಜರ್‌ಬಾದಿನ ಒಳಬೀದಿಯಲ್ಲಿದ್ದ ಚಂದ್ರಮೌಳಿಯವರ ಮನೆ.

ಚಂದ್ರಮೌಳಿ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಜಾತಕ ಬರೆದುಕೊಡುವುದನ್ನು ಹಿಡಿದುಕೊಂಡರು. ಜಾತಕದ ಪ್ರೋಗ್ರಾಮು ಎಂದೋ ಸಿಡಿಯಲ್ಲಿ ಕೊಂಡದ್ದು. ಮಾರಿದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ, ಹೊಸ ಯಂತ್ರದಲ್ಲಿ ಅದು ಓಡುವುದಿಲ್ಲ. ದೇವರ ಕೆಲಸ ಎಂದು ಕಂಪ್ಯೂಟರನ್ನು ದೇವರ ಮನೆಯ ಬಾಗಿಲಿಗೆ ಅಂಟಿದ ಮೂಲೆಯಲ್ಲಿ ಇಟ್ಟಿದ್ದರು. ಮಹದೇವಸ್ವಾಮಿ ಮೊದಲ ಸಲ ಅಲ್ಲಿಗೆ ಹೋದದ್ದು ಹದಿನಾಲ್ಕು ವರ್ಷದ ಹಿಂದೆ. ಮೆಟ್ಟಿಲ ಮೇಲೆ ನಿಂತಿದ್ದಾಗ ಯಾವ ಕಡೆಯವರು ನೀವು ಎಂದು ಚಂದ್ರಮೌಳಿ ಕೇಳಿದರು. ಅಶೋಕಪುರಂ ಎಂದ. ಅದು ದಲಿತರ ಬಡಾವಣೆ ಎಂದು ಮೈಸೂರಿನಲ್ಲಿ ಮಕ್ಕಳಿಗೂ ಗೊತ್ತು, ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಬೇಕಾಗುವುದಿಲ್ಲ. ಕಂಪ್ಯೂಟರ್ ತಾನೇ ತಾನಾಗಿ ಆಫ್ ಆಗುತ್ತದೆ ಎಂದು ಅವರು ಹೇಳಿದರು. ಧೂಳು ಕಟ್ಟಿರಬೇಕು ಸಾರ್, ಒಳಗೇ ಊದಿದರೆ ಮನೆಯೆಲ್ಲ ಧೂಳಾಗುತ್ತದೆ, ಹೊರಗೆ ತಂದರೆ ಒಳ್ಳೆಯದು ಎಂದು ಇವನೇ ಹೇಳಿದ. ಹೇಳಿದ್ದೇ ತಡ, ನೀವಿರಿ ನೀವಿರಿ ಎನ್ನುತ್ತ ಅವರೇ ಒಳಗೆ ಓಡಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ತಂದು ಜಗಲಿಯ ಮೇಲಿಟ್ಟರು.

ಅಂದಿನಿಂದ ಅದೇ ರೂಢಿಯಾಯಿತು. ಇವನ ಸ್ಕೂಟರ್ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಪೆಟ್ಟಿಗೆ, ಪರದೆ, ಕೀಬೋರ್ಡು ಎಲ್ಲವೂ ಜಗಲಿಯ ಮೇಲೆ ಸಿದ್ಧವಾಗಿರುತ್ತಿದ್ದವು. ಕಿಟಕಿಯ ಸರಳಿನ ಸಂದಿಯಿಂದ ಎಕ್ಸ್‌ಟೆನ್ಷನ್ ವೈರು ಹೊರಗೆ ಬಂದಿರುತ್ತಿತ್ತು. ಎಪ್ಪತ್ತು ದಾಟಿದ ಮೇಲೂ ಚಂದ್ರಮೌಳಿ ಏದುಸಿರು ಬಿಡುತ್ತ ಹೊತ್ತು ತರುತ್ತಿದ್ದರು. ಒಂದು ಕೈ ಹಾಕಲೇ ಎಂದರೆ ಬಿಡುತ್ತಿರಲಿಲ್ಲ. ತನ್ನ ಮೇಲಿನ ಗೌರವ ಇದು ಎಂದು ಮಹದೇವಸ್ವಾಮಿ ಎಣಿಸಿದ್ದ.

ಹಾಗೆ ಎಣಿಸಲು ಕಾರಣವೂ ಇತ್ತು. ಚಂದ್ರಮೌಳಿ ಕೆಟ್ಟ ಮನುಷ್ಯರಲ್ಲ, ಇದೇ ಇಲ್ಲಿನ ಕಷ್ಟ. ಅವರ ಹೆಂಡತಿ ಇಂದ್ರಮ್ಮ ಕೊಡುತ್ತಿದ್ದ ಕಾಫಿಯಂಥ ಕಾಫಿ ಅವನಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಅಪ್ಪ ಸಣ್ಣಮಾದಯ್ಯ ತೀರಿಕೊಂಡಾಗ ಫೋನ್ ಮಾಡಿ ಸಮಾಧಾನ ಹೇಳಿದ ಗಿರಾಕಿ ಚಂದ್ರಮೌಳಿ ಒಬ್ಬರೇ. ಇವನ ಮಗಳು ಅನುಪಮಾಳ ಡಿಗ್ರಿ ಎಲ್ಲಿಗೆ ಬಂತು ಎಂದು ಮರೆಯದೆ ಕೇಳುತ್ತಿದ್ದರು. ನೀವು ತಾವು ಎಂಬ ಮಾತು ಒಂದು ದಿನವೂ ತಪ್ಪಿರಲಿಲ್ಲ.

ಆದರೆ ಮಹದೇವಸ್ವಾಮಿಯ ಹೆಂಡತಿ ಮಾಲಾ ಇದನ್ನೆಲ್ಲ ಕೇಳಿ ಕರಗುವವಳಲ್ಲ. "ಅದೆಲ್ಲ ಇರ್ಲಿ, ಒಂದಿನಾನಾರ ಒಳಕ್ಕೆ ಕರ್ದವ್ರಾ ನಿಮ್ಮುನ್ನ?" ಎಂದು ಕೇಳುತ್ತಿದ್ದಳು.

ಧೂಳಿನ ಕೆಲಸ, ಹೊರಗೇ ಆಗಬೇಕು, ನಾನೇ ಹೇಳಿದ್ದು ಎಂದು ಅವನು ರೇಗುತ್ತಿದ್ದ. ಸೆಲ್ಲು ಹಾಕುವುದಕ್ಕೂ ಧೂಳಿಗೂ ಏನು ಸಂಬಂಧ ಎಂದು ಅವಳು. ಎಲ್ಲರ ಮೇಲೂ ಅನುಮಾನ ಪಡಬಾರದು ಎಂದು ಇವನು. ತನ್ನ ಕೈಗುಣಕ್ಕೆ ಅಪ್ಪನ ಕಾಲದಲ್ಲಿ ಮುಚ್ಚಿದ್ದ ಬಾಗಿಲುಗಳು ತೆರೆದಿವೆ ಎಂದು ನಂಬಿ ಬದುಕು ಕಟ್ಟಿಕೊಂಡವನು ಅವನು. ಮಾಲಾ ಗೆದ್ದರೆ ಆ ನಂಬಿಕೆಯೇ ಹೋಗುತ್ತಿತ್ತು, ಅದಕ್ಕೇ ಅಷ್ಟು ಸಿಟ್ಟು.

ಈ ಸಲದ ಕಾರ್ತೀಕದಲ್ಲಿ, ಮದುವೆ ಮಾತುಕತೆಗಳ ಕಾಲ, ಜಾತಕಕ್ಕೆ ಜನ ಮುಗಿಬಿದ್ದಿದ್ದಾಗ ಆ ಕಂಪ್ಯೂಟರ್ ಮತ್ತೆ ಕೈಕೊಟ್ಟಿತು. ಹತ್ತು ನಿಮಿಷ ಓಡುವುದು, ಪಟ್ಟನೆ ಆರುವುದು. ಮಹದೇವಸ್ವಾಮಿ ಹೋಗಿ ಜಗಲಿಯ ಮೇಲೆ ಬಿಚ್ಚಿ ಧೂಳು ತೆಗೆದ, ಫ್ಯಾನಿನ ಕೆಳಗೆ ಬಿಸಿ ಎಳೆಯುವ ಪೇಸ್ಟು ಹೊಸದಾಗಿ ಬಳಿದ. ಅವನ ಕಣ್ಣೆದುರು ಎರಡು ಗಂಟೆ ಓಡಿತು. ಸಂಜೆ ಫೋನು ಬಂತು, ಮತ್ತೆ ಹೋಯಿತು ಎಂದು. ಮರುದಿನ ಹೋಗಿ ಮೆಮೊರಿ ಉಜ್ಜಿ, ಸೆಲ್ಲು ಬದಲಾಯಿಸಿದ. ಜಗಲಿಯ ಮೇಲೆ ಸರಾಗವಾಗಿ ಓಡಿತು, ಒಳಗೆ ಹೋದ ಮೇಲೆ ನಿಂತಿತು. ಮೂರನೆಯ ಸಲ ಕರೆಂಟ್ ಕೊಡುವ ಡಬ್ಬಿಯನ್ನೇ ಬದಲಾಯಿಸಿದ. ಅದೇ ಕಥೆ. ನಿಮಗೂ ವಯಸ್ಸಾಯಿತು ಮಹದೇವಸ್ವಾಮಿ ಎಂದು ಚಂದ್ರಮೌಳಿ ನಕ್ಕರು. ಆ ನಗು ಅವನಿಗೆ ಚುಚ್ಚಿತು.

ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಹೊಳೆಯಿತು. ಹೊರಗೆ ಓಡುವುದು ಒಳಗೆ ಓಡುವುದಿಲ್ಲ ಎಂದರೆ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಹೊರಗೆ ವೈರು ಬರುವುದು ಕಿಟಕಿ ಪಕ್ಕದ ಪ್ಲಗ್ಗಿನಿಂದ, ಒಳಗೆ ಅದು ಓಡುವುದು ಮೂಲೆಯ ಪ್ಲಗ್ಗಿನಿಂದ. ಊರಿಗೆಲ್ಲ ಮೊದಲು ಗೋಡೆ ನೋಡಿ ಎಂದು ಹೇಳಿಕೊಂಡು ತಿರುಗುವವನು ಈ ಮನೆಯ ಗೋಡೆಯನ್ನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ನಾಲ್ಕನೆಯ ಸಲ ಹೋದಾಗ ಅವನು ಜಗಲಿಯ ಮೇಲೆ ಕೂರಲಿಲ್ಲ.

"ಸಾರ್, ಪೆಟ್ಟಿಗೇಲಿ ಏನೂ ತೊಂದ್ರೆ ಇಲ್ಲ. ಒಳಗಿನ ಪ್ಲಗ್ ಪಾಯಿಂಟ್ ನೋಡ್ಬೇಕು. ಎರಡು ನಿಮಿಷದ ಕೆಲಸ" ಎಂದ.

"ಛೆ ಛೆ, ಅಲ್ಲಿ ಬಹಳ ಇಕ್ಕಟ್ಟು, ನಿಮಗ್ಯಾಕೆ ಆ ಕಷ್ಟ. ಏನು ನೋಡ್ಬೇಕು ಹೇಳಿ, ನಾನೇ ನೋಡಿ ಹೇಳ್ತೀನಿ."

ಅಷ್ಟು ಹೇಳಿ ಚಂದ್ರಮೌಳಿ ಒಳಗೆ ಹೋಗಿಯೇಬಿಟ್ಟರು. ಮಹದೇವಸ್ವಾಮಿ ಕಿಟಕಿಯ ಸರಳು ಹಿಡಿದು ನಿಂತ. ಹಜಾರದ ಆಚೆ ಮೂಲೆಯಲ್ಲಿ ಮೇಜು, ಅದರ ಪಕ್ಕದಲ್ಲೇ ದೇವರ ಮನೆಯ ಬಾಗಿಲು, ಒಳಗೆ ಉರಿಯುತ್ತಿದ್ದ ದೀಪ. ಇಂದ್ರಮ್ಮ ಟಾರ್ಚು ಹಿಡಿದರು. ಎಪ್ಪತ್ತಾರು ವರ್ಷದ ಮುದುಕರು ಸೊಂಟ ಹಿಡಿದುಕೊಂಡು ನೆಲಕ್ಕೆ ಬಗ್ಗಿ ಮೇಜಿನ ಹಿಂದೆ ತಡಕಾಡಿದರು. ಇವನು ಕಿಟಕಿಯಿಂದಲೇ ಕೇಳುತ್ತಿದ್ದ, ಪ್ಲಗ್ಗು ಅಲ್ಲಾಡುತ್ತದೆಯೇ, ಬಿಸಿ ಇದೆಯೇ, ಸುಟ್ಟ ವಾಸನೆ ಬರುತ್ತಿದೆಯೇ ಎಂದು. ಇನ್ನೂ ಬಿಸಿ ಇದೆ, ಪಕ್ಕದಲ್ಲಿ ಕಪ್ಪಗಾಗಿದೆ ಎಂಬ ಉತ್ತರ ಬಂದೊಡನೆ, ಕೈ ತೆಗೆಯಿರಿ, ಮೊದಲು ಮೇನ್ ಆರಿಸಿ ಎಂದು ಕೂಗಿದ. ತಾನು ಎರಡು ನಿಮಿಷದಲ್ಲಿ ನೋಡಬಹುದಾದದ್ದಕ್ಕೆ ಆ ಮುದುಕರು ಕರೆಂಟಿನ ಬಾಯಿಗೆ ಕೈಯಿಡಲು ತಯಾರಿದ್ದರು. ಅದನ್ನು ಇನ್ನು ಯಾವ ಇಕ್ಕಟ್ಟಿನ ಲೆಕ್ಕಕ್ಕೆ ಹಾಕುವುದು ಎಂದು ಅವನಿಗೆ ತೋಚಲಿಲ್ಲ.

ಪಾಯಿಂಟ್ ಬದಲಾಯಿಸಲು ತನಗೆ ಪರಿಚಯದ ಎಲೆಕ್ಟ್ರಿಷಿಯನ್ ಯೋಗೇಂದ್ರನಿಗೆ ಅವನೇ ಫೋನ್ ಮಾಡಿದ. ಅರ್ಧ ಗಂಟೆಯಲ್ಲಿ ಯೋಗೇಂದ್ರ ಬಂದ. ಚಂದ್ರಮೌಳಿ ಬಾಗಿಲಲ್ಲೇ ಅವನನ್ನು ಯಾವ ಕಡೆಯವರಪ್ಪ ಎಂದು ಕೇಳಿದರು. ಶ್ರೀರಾಂಪುರ ಸಾರ್ ಎಂದ. ಶ್ರೀರಾಂಪುರದ ಹೊಸ ಬಡಾವಣೆಗಳಲ್ಲಿ ಎಲ್ಲರೂ ಇದ್ದಾರೆ, ಆ ವಿಳಾಸ ಯಾರ ಗುಟ್ಟನ್ನೂ ಹೇಳುವುದಿಲ್ಲ. ಬನ್ನಿ, ಒಳಗೆ ಬನ್ನಿ ಎಂದರು. ಯೋಗೇಂದ್ರ ಚಪ್ಪಲಿ ಬಿಟ್ಟು ಮಹದೇವಸ್ವಾಮಿಯ ಪಕ್ಕದಲ್ಲೇ ಹಾದು ಒಳಗೆ ಹೋದ.

ಅಂದು ತಾನೂ ಶ್ರೀರಾಂಪುರ ಎಂದಿದ್ದರೆ ಎಂಬ ಯೋಚನೆ ಮಹದೇವಸ್ವಾಮಿಯ ತಲೆಯಲ್ಲಿ ಹಾದುಹೋಯಿತು. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಒಳಗೆ ಏನೋ ಮಾತಾಯಿತು. ಸ್ವಲ್ಪ ಹೊತ್ತಿಗೆ ಯೋಗೇಂದ್ರ ಡ್ರಿಲ್ ಹಿಡಿದು ಹೊರಗೆ ಬಂದು ಜಗಲಿಯ ಗೋಡೆಗೆ ತೂತು ಕೊರೆಯತೊಡಗಿದ. ವೈರು ಎಳೆದ, ಹೊಸ ಪಾಯಿಂಟ್ ಕೂರಿಸಿದ. ಅವನೂ ಚಂದ್ರಮೌಳಿಯವರೂ ಸೇರಿ ಮೇಜನ್ನೂ ಹೊರಗೆ ತಂದರು. ಚಂದ್ರಮೌಳಿ ಬೆವರು ಒರೆಸಿಕೊಳ್ಳುತ್ತ, ಮುಖದ ತುಂಬ ನಗುತ್ತ, ಇನ್ನು ಮೇಲೆ ಕಂಪ್ಯೂಟರ್ ಇಲ್ಲೇ ಇರುತ್ತದೆ, ನನಗೂ ಹೊರುವುದು ತಪ್ಪಿತು, ನಿಮಗೂ ಅನುಕೂಲ ಎಂದರು.

ಬೀದಿಯ ಧೂಳೆಲ್ಲ ಬಂದು ಕೂರುವ ಜಗಲಿ ಅದು. ಸಂಜೆಯಾದರೆ ಸೊಳ್ಳೆ, ಮಳೆ ಬಂದರೆ ಎರಚಲು. ಅಲ್ಲಿ ಕೂತು ಅವರು ಊರವರ ಜಾತಕ ಬರೆಯಬೇಕಿತ್ತು.

"ಒಳಗಿನ ಪಾಯಿಂಟ್ ಒಂದು ಬದ್ಲಾಯ್ಸಿದ್ರೆ ಮುಗೀತಿತ್ತಲ್ಲ ಸಾರ್" ಎಂದ ಮಹದೇವಸ್ವಾಮಿ. "ನಾನು ಬರ್ತೀನಿ ಅಂತ ಕಂಪ್ಯೂಟರ್ ಆಚೆ ಬಂತಾ?"

ಯೋಗೇಂದ್ರ ತಲೆ ತಗ್ಗಿಸಿ ವೈರು ಸುತ್ತತೊಡಗಿದ. ಚಂದ್ರಮೌಳಿಯವರ ನಗು ಮಾಸಲಿಲ್ಲ. ಅವರು ಹತ್ತಿರ ಬಂದು, ಆಪ್ತರಿಗೆ ಹೇಳುವ ದನಿಯಲ್ಲಿ ಹೇಳಿದರು.

"ಪಕ್ಕದಲ್ಲೇ ದೇವರ ಮನೆ, ನಿಮಗೆ ಗೊತ್ತಿರೋದೇ. ನೀವು ಇಷ್ಟು ವರ್ಷದಲ್ಲಿ ಒಂದು ದಿನಾನೂ ನಮ್ಮನ್ನ ಇಕ್ಕಟ್ಟಿಗೆ ಸಿಕ್ಕಿಸಿದೋರಲ್ಲ. ಆ ದೊಡ್ಡಗುಣ ಎಲ್ಲರಿಗೂ ಇರಲ್ಲ ಮಹದೇವಸ್ವಾಮಿ. ನಾನು ಎಲ್ಲರ ಹತ್ರಾನೂ ಹೇಳ್ತಿರ್ತೀನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹದಿನಾಲ್ಕು ವರ್ಷ ತಾನು ಪೆದ್ದನಾಗಿದ್ದದ್ದನ್ನು ಇವರು ದೊಡ್ಡಗುಣ ಎಂದು ತಿಳಿದಿದ್ದರು. ಎಲ್ಲ ಗೊತ್ತಿದ್ದೂ ಒಪ್ಪಿಕೊಂಡು ಮೆಟ್ಟಿಲ ಬಳಿ ನಿಂತ ಮನುಷ್ಯ ಎಂದು ಬೀದಿಗೆಲ್ಲ ಹೊಗಳಿದ್ದರು. ನನಗೆ ಗೊತ್ತಿರಲಿಲ್ಲ ಸಾರ್, ಗೊತ್ತಿದ್ದರೆ ಮೊದಲ ದಿನವೇ ವಾಪಸ್ ಹೋಗುತ್ತಿದ್ದೆ ಎಂದು ಹೇಳಿದ. ಚಂದ್ರಮೌಳಿ ಅದನ್ನು ವಿನಯ ಎಂದುಕೊಂಡರೋ ಏನೋ, ಕಾಫಿ ಕುಡಿದು ಹೋಗಿ ಎಂದರು. ಇಂದ್ರಮ್ಮ ಲೋಟ ತರುವಷ್ಟರಲ್ಲಿ ಅವನು ಸ್ಕೂಟರ್ ಹತ್ತಿದ್ದ.

ಮನೆಯಲ್ಲಿ ಎಲ್ಲವನ್ನೂ ಹೇಳಿದ. ನಾನು ಹೇಳಿರಲಿಲ್ಲವೇ ಎಂಬ ಮಾತಿಗೆ ಕಾಯುತ್ತ ಕೂತ. ಮಾಲಾ ಅದನ್ನು ಹೇಳಲಿಲ್ಲ. ಅವಳು ಕಣ್ಣೊರೆಸಿಕೊಂಡದ್ದು ಕಂಡಾಗ ಅವನಿಗೆ ಇನ್ನೂ ಕಷ್ಟವಾಯಿತು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಮಾತಾಡಿದ ಹೆಂಗಸು ತನ್ನ ಹೆಸರು ಸುಚಿತ್ರಾ, ಚಂದ್ರಮೌಳಿಯವರದೇ ಬೀದಿ ಎಂದಳು. ಅವರೇ ನಂಬರು ಕೊಟ್ಟರಂತೆ, ಬಹಳ ಹೊಗಳಿದರಂತೆ. ಹಳೇ ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದಳು. "ನೀವು ಬರೋ ಅಷ್ಟರಲ್ಲಿ ಎಲ್ಲಾ ವೆರಾಂಡಕ್ಕೆ ತಂದಿಟ್ಟಿರ್ತೀವಿ, ನಿಮಗೆ ಕಾಯೋ ಹಾಗಿರಲ್ಲ."

ಅಡುಗೆ ಮನೆಯಲ್ಲಿ ಮಾಲಾ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

"ಏನನ್ನೂ ಆಚೆ ತರಬೇಡಿ ಮೇಡಂ. ಇರೋ ಜಾಗದಲ್ಲೇ ಇರ್ಲಿ" ಎಂದ. "ನಾನು ಅಶೋಕಪುರಂನೋನು. ಒಳಗೆ ಬಂದು ನೋಡ್ತೀನಿ."

ಆ ಕಡೆ ಯಾರೋ ಪಕ್ಕದಲ್ಲಿ ಏನೋ ಕೇಳಿದ್ದು ಕೇಳಿಸಿತು. ಮನೆಯಲ್ಲಿ ಒಂದು ಮಾತು ಕೇಳಿ ಈಗಲೇ ಫೋನ್ ಮಾಡುತ್ತೇನೆ ಎಂದು ಅವಳು ಮೆಲ್ಲಗೆ ಹೇಳಿದಳು.

ಅವನು ಅಂಗಿ ಹಾಕಿಕೊಂಡು, ಸ್ಕೂಟರಿನ ಕೀ ಕೈಯಲ್ಲಿ ಹಿಡಿದು ಹೊಸಿಲ ಬಳಿ ಕೂತ. ಮಧ್ಯಾಹ್ನ ಊಟಕ್ಕೆ ಏಳಿ ಎಂದು ಮಾಲಾ ಎರಡು ಸಲ ಕರೆದಳು. ಸಂಜೆಯವರೆಗೂ ಕೂತಿದ್ದ. ಫೋನು ಬರಲಿಲ್ಲ.