ಸ್ಕೇಟಿನ ಕೆಳಗೆ ಇಟ್ಟ ನಿಂಬೆಹಣ್ಣು

ನಚಿ, ಫೈನಲ್ ದಿನ ನಿನ್ನ ಎಡಗಾಲಿನ ಸ್ಕೇಟಿನ ಅಲಗನ್ನು ಹಾಳು ಮಾಡಿದ್ದು ಬೆಂಗ್ಟ್ ಅಲ್ಲ. ನಾನು — ನಿನ್ನ ಅಮ್ಮ.

ನಾಲ್ಕು ವರ್ಷದಿಂದ ಈ ಮಾತು ಬಾಯಿಯವರೆಗೆ ಬಂದು ವಾಪಸು ಹೋಗಿದೆ. ನೀನು ಹೆಲ್ಸಿಂಗ್‌ಬೋರ್ಯ್‌ನಿಂದ ಭಾನುವಾರ ಫೋನ್ ಮಾಡಿದಾಗಲೆಲ್ಲ ಚಳಿ, ಸಾರು, ನಿನ್ನ ಆಫೀಸು ಎಲ್ಲ ಮಾತಾಡಿ ಇದೊಂದನ್ನು ನುಂಗಿಕೊಂಡಿದ್ದೇನೆ. ಫ್ರಿಜ್ಜಿಗೆ ಅಕ್ಷರ ಅಂಟಿಸಿ ಕಲಿಸಿದ ಕನ್ನಡ ಇವತ್ತು ಉಪಯೋಗಕ್ಕೆ ಬರಲಿ. ನಿಧಾನವಾಗಿ ಓದು.

ಆ ವರ್ಷ ಸ್ವೀಡಿಷ್ ಯೂನಿವರ್ಸಿಟಿಗಳ ಗಂಡಸರ ಐಸ್ ಹಾಕಿ ಚಾಂಪಿಯನ್‌ಶಿಪ್ ನಮ್ಮ ಉಪ್ಸಾಲಾದಲ್ಲೇ ನಡೆಯಿತು. ಶನಿವಾರ ನೀವು ಸೆಮಿಫೈನಲ್ ಗೆದ್ದಿರಿ. ಆ ಸಂಜೆ ಬೆಂಗ್ಟ್ ಎಲ್ಲರ ಸ್ಕೇಟುಗಳಿಗೂ ಸಾಣೆ ಹಿಡಿದರು. ನಿವೃತ್ತ ಬಡಗಿ, ಆಟದ ಮೇಲಿನ ಪ್ರೀತಿಗೆ ತಂಡದ ಹಿಂದೆ ಓಡಾಡುತ್ತಿದ್ದರು. ಒಂದೊಂದು ಅಲಗನ್ನೂ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಕೈಗೆ ಕೊಡುತ್ತಿದ್ದರು. ಒಮ್ಮೆ ಆಯುಧಪೂಜೆಗೆ ನಮ್ಮ ಮನೆಗೆ ಬಂದವರು, ಕುಂಕುಮ ಹಚ್ಚಿದ ಕಾರಿನ ಚಕ್ರದ ಕೆಳಗಿನ ನಿಂಬೆಹಣ್ಣು ಕಂಡು, “ಪಾಪ, ಅದೇನು ತಪ್ಪು ಮಾಡಿತ್ತು?” ಎಂದು ನಮ್ಮನ್ನೆಲ್ಲ ನಗಿಸಿದ್ದರು. ನೆನಪಿದೆಯಾ?

ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ನೀನು ಹೇಳಿದ್ದೆ — “ಅಮ್ಮಾ, ನನ್ನ ಕಿಟ್ ಮಾತ್ರ ಮುಟ್ಬೇಡ, ಪ್ಲೀಸ್.” ಮುಟ್ಟಬೇಡ ಅಂದದ್ದನ್ನು ಮುಟ್ಟದಿದ್ದರೆ ನಾನು ನಿನ್ನ ಅಮ್ಮ ಹೇಗಾದೇನು! ಕಾರಿಗೆ ಮಾಡುವ ಪೂಜೆ ಸ್ಕೇಟಿಗೆ ಯಾಕೆ ಬೇಡ ಅನ್ನಿಸಿತು. ಕುಂಕುಮ ಹಚ್ಚಿದೆ. ಬಾಲ್ಕನಿಯ ಸಿಮೆಂಟಿನ ಮೇಲೆ ಎರಡು ನಿಂಬೆಹಣ್ಣಿಟ್ಟು, ಸ್ಕೇಟುಗಳೊಳಗೆ ಕೈ ತೂರಿಸಿ ಅದುಮಿದೆ. ಇಲ್ಲಿನ ನಿಂಬೆಹಣ್ಣಿನ ಸಿಪ್ಪೆ ದಪ್ಪ. ಬಲಗಾಲಿನದು ಹೋಳಾಯಿತು, ಎಡಗಾಲಿನದು ಜಾರಿ, ಅಲಗು ಟಣ್ಣೆಂದು ಸಿಮೆಂಟಿಗೆ ಬಡಿಯಿತು. ಹಿಮ್ಮಡಿಯ ಹತ್ತಿರ ಕಚ್ಚು ಬಿತ್ತು.

ಅಲ್ಲಿಗೇ ನಿಲ್ಲಿಸಿ ನಿನಗೆ ಹೇಳಿದ್ದರೆ — ಬೆಂಗ್ಟ್ ಹತ್ತು ನಿಮಿಷದಲ್ಲಿ ಸರಿಮಾಡುತ್ತಿದ್ದರು. ಹೇಳಲಿಲ್ಲ. ಈಳಿಗೆಮಣೆಯನ್ನೇ ಮಸೆದವಳಿಗೆ ಇದೇನು ಮಹಾ ಅಂದುಕೊಂಡು ಅಡುಗೆಮನೆಯ ಮಸೆಗಲ್ಲು ತಂದು ಉಜ್ಜಿದೆ. ಸ್ಕೇಟಿನ ಅಲಗು ಚಾಕುವಿನಂತಲ್ಲ, ನಡುವೆ ಸಣ್ಣ ತೋಡು ಇದ್ದು ಅಕ್ಕಪಕ್ಕ ಎರಡು ಅಂಚುಗಳಿರುತ್ತವೆ, ತಿರುಗುವಾಗ ಐಸನ್ನು ಹಿಡಿಯುವುದು ಆ ಅಂಚೇ — ಇದೆಲ್ಲ ಆಮೇಲೆ ತಿಳಿದದ್ದು. ಕಚ್ಚು ಮಾಯವಾಯಿತು, ಅಷ್ಟು ಜಾಗದ ಅಂಚೂ ಹೋಯಿತು. ಕುಂಕುಮ ಒರೆಸಿ, ಏನೂ ಆಗದವಳಂತೆ ಚೀಲದಲ್ಲಿಟ್ಟೆ.

ಫೈನಲ್ ಸಮಸಮ ನಡೆದಿತ್ತು. ಕೊನೆಯ ನಿಮಿಷ. ನೀನು ಹಿಮ್ಮುಖವಾಗಿ ಬರುತ್ತ ಜೋರಾಗಿ ತಿರುಗಿದೆ. ಎಡಗಾಲು ಜಾರಿ ಹೋಯಿತು. ಎದುರಿನವನು ನಿನ್ನನ್ನು ದಾಟಿ ಗೋಲು ಹೊಡೆದ. ಅಲ್ಲಿಗೆ ಮುಗಿಯಿತು.

ಡ್ರೆಸ್ಸಿಂಗ್ ರೂಮಿನ ಹೊರಗೆ ನೀನು ಆ ಸ್ಕೇಟನ್ನು ಬೆಂಗ್ಟ್ ಕೈಗೆ ತುರುಕಿ, ಇಡೀ ತಂಡದ ಎದುರು ಸ್ವೀಡಿಷಿನಲ್ಲಿ ಕೇಳಿದೆ: “ಇದನ್ನ ಏನು ಮಾಡಿಟ್ಟಿದೀರಾ?”

ಅವರು ಅಲಗನ್ನು ಉಗುರಿನ ಮೇಲೆ ಎಳೆದರು. ತಿರುಗಿಸಿ ನೋಡಿದರು. ಅಲಗು ಕೂರುವ ಸಂದಿನಲ್ಲಿ ನಾನು ಒರೆಸದೆ ಬಿಟ್ಟ ಕುಂಕುಮವಿತ್ತು — ನಿಂತಲ್ಲಿಂದಲೇ ನನಗೆ ಕಂಡಿತು. ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು. ಹೆಬ್ಬೆರಳಿನಿಂದ ಆ ಕೆಂಪನ್ನು ಒರೆಸಿಬಿಟ್ಟು ನಿನಗೆ ಹೇಳಿದರು: “ನನ್ನದೇ ತಪ್ಪು. ಕಣ್ಣು ಮೊದಲಿನ ಹಾಗಿಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ — ಇಲ್ಲಿ ಎಮ್ಮೆ ತಾನಾಗಿಯೇ ಬೆನ್ನು ಕೊಟ್ಟಿತು. ಎತ್ತು ಕಾಫಿ ಲೋಟ ಹಿಡಿದು ಸುಮ್ಮನೆ ನಿಂತಿತ್ತು.

ಆಮೇಲೆ ನೀನು ನನ್ನ ಭುಜಕ್ಕೆ ಮುಖವಿಟ್ಟು ಅತ್ತೆ. “ಅಮ್ಮ, ಹೀ ರೂಯಿನ್ಡ್ ಇಟ್.” ನೀನು ಹಾಗೆ ನನ್ನ ಹತ್ತಿರ ಬಂದು ಹತ್ತು ವರ್ಷವಾಗಿತ್ತು, ಕಂದಾ. ನಿಜ ಹೇಳಿದರೆ ಆ ತಲೆ ಭುಜದಿಂದ ಎದ್ದುಹೋಗುತ್ತದೆಂದು ಹೆದರಿದೆ. ಅಷ್ಟೇ ಕಾರಣ. ಒಳ್ಳೆಯ ಕಾರಣವೇನಲ್ಲ.

ಮುಂದಿನ ಸೀಸನ್ನಿನಿಂದ ಹುಡುಗರು ಸ್ಕೇಟುಗಳನ್ನು ಅಂಗಡಿಗೆ ಕೊಡತೊಡಗಿದರು. ಬೆಂಗ್ಟ್ ಬರುವುದನ್ನು ಬಿಟ್ಟರು. ನೀನು ಅವರೊಡನೆ ಮತ್ತೆ ಮಾತಾಡಲಿಲ್ಲ. ನಾನೋ — ಅವರ ಮನೆಯ ರಸ್ತೆ ತಪ್ಪಿಸಿ ಸೈಕಲ್ ತಿರುಗಿಸುತ್ತಿದ್ದೆ.

ಕಳೆದ ವಾರ ಬಸ್ಸಿನಲ್ಲಿ ಅವರೇ ಬಂದು ನನ್ನ ಪಕ್ಕ ಕುಳಿತರು. ನಚಿ ಇನ್ನೂ ಆಡುತ್ತಾನಾ, ಸಾಣೆ ಯಾರು ಹಿಡಿಯುತ್ತಾರೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರ ಸಾಣೆ ಯಂತ್ರ ಇನ್ನೂ ಇದೆಯಂತೆ, ಬಟ್ಟೆ ಮುಚ್ಚಿ ಇಟ್ಟಿದ್ದಾರಂತೆ. ಬೇರೇನೂ ತೋಚದೆ, ನಾಚಿಕೆಯಿಲ್ಲದೆ, ಕಣ್ಣು ಹೇಗಿದೆ ಅಂತ ಕೇಳಿದೆ. ಕಿಟಕಿಯ ಮೂಲೆಯಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ಕನ್ನಡಕವಿಲ್ಲದೆ ಪಟಪಟ ಓದಿ ತೋರಿಸಿ ನಕ್ಕರು. ನಾನು ನನ್ನ ಸ್ಟಾಪಿಗೆ ಮುಂಚೆಯೇ ಇಳಿದುಬಿಟ್ಟೆ.

ನಾಳೆ ಅವರ ಮನೆಗೆ ಹೋಗುತ್ತೇನೆ. ಅವರಿಗೆ ಗೊತ್ತಿರುವುದನ್ನೇ ನನ್ನ ಬಾಯಿಂದ ಹೇಳುತ್ತೇನೆ. ಇದನ್ನು ಸ್ವೀಡಿಷಿಗೆ ತಿರುಗಿಸಿ ನಿನ್ನ ಆಗಿನ ತಂಡದವರಿಗೆಲ್ಲ ಓದಿ ಹೇಳು — ಬೆಂಗ್ಟ್ ಅವರನ್ನು ನೀನು ಕೇಳಿದ್ದು ಎಲ್ಲರ ಎದುರಿಗಲ್ಲವೇ? ಕೋಪ ಬಂದರೆ ಬರಲಿ. ಅದು ನಾಲ್ಕು ವರ್ಷದ ಹಿಂದೆಯೇ ನನಗೆ ಸಲ್ಲಬೇಕಾಗಿದ್ದದ್ದು. ಆದರೆ ಓದಿ ಮುಗಿಸಿದ ಕೂಡಲೇ ನನಗೆ ಫೋನ್ ಮಾಡಬೇಡ, ಮರಿ. ಮೊದಲು ಅವರಿಗೆ ಮಾಡು.